ಪ್ರತಿಕ್ರಿಯೆ: ಸರ್ವರ್‌ನಲ್ಲಿಟ್ಟ ಸಹಾಯ ಕಡತ ಖಾಲಿಯಾಗಿ ತೆರೆಯುವುದರ ಬಗ್ಗೆ

ಮಾನ್ಯರೇ, ಉಡುಪಿಯ ಸಹಕಾರಿ ಸಂಘವೊಂದಕ್ಕೆ ನೀವು ಸಿದ್ಧಪಡಿಸಿದ ವಿಂಡೋಸ್ ತಂತ್ರಾಂಶದ ಸಿಎಚ್‌ಎಂ (ಹಲವು ಸಹಾಯ ಪುಟಗಳನ್ನು ಒಂದೇ ಕಡತದಲ್ಲಿ ಅಡಕಗೊಳಿಸುವ ಮೈಕ್ರೋಸಾಫ್ಟ್ ಬಗೆಯ) ಸಹಾಯ ಕಡತವು ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆದರೂ, ಸಂಘದ ಸರ್ವರ್‌ನಿಂದ ತೆರೆದಾಗ ಎಡಬದಿಯ ವಿಷಯಸೂಚಿ ಮಾತ್ರ ಕಂಡು ಬಲಬದಿ ಖಾಲಿ ಉಳಿಯುವುದೇಕೆ ಎಂದು ಕೇಳಿದ್ದೀರಿ.

ಕಡತ ಕೆಟ್ಟಿಲ್ಲ. 2005ರ ಭದ್ರತಾ ಅಪ್‌ಡೇಟ್‌ನ ನಂತರ, ನೆಟ್‌ವರ್ಕ್ ಮೂಲಕ ತೆರೆಯುವ ಸಿಎಚ್‌ಎಂ ಪುಟಗಳನ್ನು ವಿಂಡೋಸ್ ತಡೆಹಿಡಿಯುತ್ತದೆ. ವಿಂಡೋಸ್‌ನ ಆಂತರಿಕ ಸೆಟ್ಟಿಂಗ್‌ಗಳ ಸಂಗ್ರಹವಾದ ರಿಜಿಸ್ಟ್ರಿಯಲ್ಲಿ ಈ ತಡೆಯನ್ನು ಸಡಿಲಿಸಲು ಸಾಧ್ಯವಿದೆಯಾದರೂ, ಸದಸ್ಯರ ಠೇವಣಿಯ ಲೆಕ್ಕವಿರುವ ಕಂಪ್ಯೂಟರುಗಳಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಇನ್‌ಸ್ಟಾಲರ್ ಮೂಲಕವೇ ಕಡತವನ್ನು ಪ್ರತಿಯೊಂದು ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಹಾಕುವುದು ಸರಿಯಾದ ದಾರಿ. ಡೌನ್‌ಲೋಡ್ ಮಾಡಿದ ಪ್ರತಿಯಾದರೆ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಬೇಕಾಗುತ್ತದೆ.

ಆದರೆ ಸಹಾಯದ ಪಠ್ಯವನ್ನು ಕನ್ನಡದಲ್ಲಿಯೂ ಕೊಡುವ ಆಲೋಚನೆ ನಿಮಗಿದೆ ಎಂದು ಬರೆದಿದ್ದೀರಿ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ ವಿಚಾರ. 1997ರಲ್ಲಿ ಬಂದ ಈ ಸಿಎಚ್‌ಎಂ ವ್ಯವಸ್ಥೆಯ ವಿಷಯಸೂಚಿ ಮತ್ತು ಪದಸೂಚಿಗಳು ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗಾಗಿ ರೂಪುಗೊಂಡವಲ್ಲ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಹಳೆಯ ಬಗೆಯ (ಎಎನ್‌ಎಸ್‌ಐ) ಕೋಡ್‌ಪೇಜ್, ಅಂದರೆ ಒಂದು ಲಿಪಿಯ ಅಕ್ಷರಗಳ ಸಂಕೇತಪಟ್ಟಿ, ಕೂಡ ಇಲ್ಲದಿರುವುದರಿಂದ, ಪುಟದೊಳಗಿನ ಕನ್ನಡ ಚೆನ್ನಾಗಿ ಮೂಡಿದರೂ ಸೂಚಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣಬಹುದು. ಆದ್ದರಿಂದ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಿದ ಸಾಮಾನ್ಯ ಎಚ್‌ಟಿಎಂಎಲ್ ಪುಟಗಳನ್ನು ತಂತ್ರಾಂಶದ ಜೊತೆಗೇ ಕೊಟ್ಟು, ಇಂಟರ್ನೆಟ್ ಇಲ್ಲದಾಗಲೂ ಬ್ರೌಸರಿನಲ್ಲಿ ತೆರೆಯುವಂತೆ ಮಾಡುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ.

ತಂತ್ರಾಂಶದ ಪ್ರತಿ ವಿಂಡೋಗೂ ಒಂದು ಸಹಾಯ ಪುಟವನ್ನು ಜೋಡಿಸಿ. ಕೌಂಟರಿನಲ್ಲಿ ಗ್ರಾಹಕರನ್ನು ಎದುರಿಗಿಟ್ಟುಕೊಂಡ ಗುಮಾಸ್ತರು ಬಡ್ಡಿ ಲೆಕ್ಕದ ವಿಂಡೋದಲ್ಲಿ ಸಹಾಯದ ಕೀಲಿಯಾದ ಎಫ್1 ಒತ್ತಿದರೆ, ಮುಖಪುಟವಲ್ಲ, ಬಡ್ಡಿ ಲೆಕ್ಕದ ಪುಟವೇ ತೆರೆಯಬೇಕು.