ಉಪಗ್ರಹ ಬೀಳುತ್ತಲೇ ಇದೆ

ಪ್ರಶ್ನೆ: ಗುರುತ್ವ ಬಲ ಒಳಗೆ ಎಳೆಯುತ್ತದೆ, ಕೇಂದ್ರಾಪಗಾಮಿ ಬಲ ಅಷ್ಟೇ ಜೋರಾಗಿ ಹೊರಗೆ ಎಳೆಯುತ್ತದೆ. ಎರಡೂ ಸಮವಾಗಿರುವುದರಿಂದಲೇ ಉಪಗ್ರಹ ಬೀಳುವುದಿಲ್ಲ, ಅಲ್ಲವೇ?

ಉತ್ತರ: ಅಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ಎದುರುಬದುರು ಬಾಣಗಳಿರುವ ಅದೇ ಚಿತ್ರವೂ ಬರುತ್ತದೆ. ನನ್ನ ಸಿಟ್ಟು ಕೇಳಿದವರ ಮೇಲಲ್ಲ, ಆ ಚಿತ್ರ ಬರೆದು ಕಲಿಸಿದವರ ಮೇಲೆ. ಎರಡು ಬಲಗಳು ಸರಿದೂಗಿದರೆ ಉಳಿಯುವುದು ಸೊನ್ನೆ. ಆಗ ಉಪಗ್ರಹ ಭೂಮಿಯನ್ನು ಸುತ್ತುವುದಿಲ್ಲ, ನೆಟ್ಟಗೆ ದೂರ ಹೊರಟುಹೋಗುತ್ತದೆ. ಅದರ ದಾರಿ ಬಾಗುತ್ತಿದೆ ಎಂದರೆ ಸರಿದೂಗದ ಬಲವೊಂದು ಅದನ್ನು ಎಳೆಯುತ್ತಿದೆ. ಗುರುತ್ವವೊಂದೇ ಅದು. ಹೊರಗಿನ ಬಾಣವನ್ನು ಅಳಿಸಿ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ನೋಡಿ. ಅದು ಇರುವ ಸುಮಾರು 400 ಕಿ.ಮೀ. ಎತ್ತರದಲ್ಲಿ ಗುರುತ್ವ ನೆಲದ ಮೇಲಿನದರ ಶೇ 88ಕ್ಕಿಂತ ಹೆಚ್ಚೇ ಇದೆ. 'ಅಲ್ಲಿ ಗುರುತ್ವವಿಲ್ಲ, ಅದಕ್ಕೇ ತೇಲುತ್ತಾರೆ' ಎನ್ನುವುದು ಶುದ್ಧ ಸುಳ್ಳು. ನಿಲ್ದಾಣವೂ ಒಳಗಿರುವವರೂ ಜೊತೆಯಾಗಿ ಬೀಳುತ್ತಿದ್ದಾರೆ. ಕಾಲ ಕೆಳಗಿನ ನೆಲವೇ ಬೀಳುತ್ತಿರುವಾಗ ಅದು ಅವರನ್ನು ಒತ್ತುವುದು ಹೇಗೆ? ಒಂದು ಸೆಕೆಂಡಿನಲ್ಲಿ ನಿಲ್ದಾಣ 4.3 ಮೀಟರಿನಷ್ಟು ಬೀಳುತ್ತದೆ. ಅದೇ ಸೆಕೆಂಡಿನಲ್ಲಿ ಸುಮಾರು 7.7 ಕಿ.ಮೀ. ಅಡ್ಡಕ್ಕೆ ಸಾಗಿರುತ್ತದೆ. ಅಷ್ಟು ದೂರದಲ್ಲಿ ಭೂಮಿಯ ದುಂಡಗಿನ ಮೈಯೂ ಹೆಚ್ಚುಕಡಿಮೆ ಅಷ್ಟೇ ಕೆಳಗೆ ಬಾಗಿರುತ್ತದೆ. ಹಾಗಾಗಿ ಬಿದ್ದರೂ ನೆಲ ಹತ್ತಿರವಾಗುವುದಿಲ್ಲ. ಚಂದ್ರನೂ ಬೀಳುತ್ತಿದ್ದಾನೆ, ಸೆಕೆಂಡಿಗೆ 1.4 ಮಿಲಿಮೀಟರಿನಷ್ಟು. ಈ ಬೀಳುವಿಕೆಯನ್ನೂ ಮರದಿಂದ ಉದುರುವ ಹಣ್ಣನ್ನೂ ನ್ಯೂಟನ್ ಒಂದೇ ನಿಯಮದಡಿ ತಂದರು. ನನಗೆ ಇಂದಿಗೂ ಮೈ ನವಿರೇಳುವ ಮಾತು ಅದು.

ಉಪಗ್ರಹದ ಜೊತೆಗೇ ತಿರುಗುವ ಚೌಕಟ್ಟಿನಲ್ಲಿ ನಿಂತು, ಅಂದರೆ ಅದರೊಂದಿಗೇ ಸುತ್ತುತ್ತಿರುವವರ ಕಣ್ಣಿನಿಂದ ನೋಡಿ, ಲೆಕ್ಕ ಹಾಕುವವರು ಕೇಂದ್ರಾಪಗಾಮಿ ಬಲವನ್ನು ಸೇರಿಸಿಕೊಳ್ಳಬಹುದು, ಅದು ತಪ್ಪಲ್ಲ. ಆದರೆ ಚೌಕಟ್ಟು ಯಾವುದೆಂದು ಹೇಳದೆ ಆ ಪದವನ್ನು ಬಳಸಬೇಡಿ.

ಪ್ರಶ್ನೆ: ಗಾಳಿಯ ತಡೆಯಿಂದ ಉಪಗ್ರಹದ ವೇಗ ಕಡಿಮೆಯಾಗುತ್ತದೆಯೇ?

ಉತ್ತರ: ಹೆಚ್ಚಾಗುತ್ತದೆ. ಕಕ್ಷೆ ಕುಗ್ಗುತ್ತದೆ, ತಡೆ ಕಸಿದುಕೊಳ್ಳುವುದಕ್ಕಿಂತ ಹೆಚ್ಚಿನ ಚಲನಶಕ್ತಿಯನ್ನು ಈ ಇಳಿತ ಕೊಡುತ್ತದೆ.

ಪ್ರಶ್ನೆ: ಗ್ರಹಗಳು ಸಾಲಾಗಿ ನಿಂತಾಗ ನಮ್ಮ ತೂಕ ಇಳಿಯುತ್ತದೆಯೇ?

ಉತ್ತರ: ಇಲ್ಲ. ಬ್ರಿಟನ್ನಿನ ಖಗೋಳಜ್ಞ ಪ್ಯಾಟ್ರಿಕ್ ಮೂರ್ 1976ರ ಏಪ್ರಿಲ್ 1ರಂದು ಬಿಬಿಸಿ ರೇಡಿಯೊದಲ್ಲಿ ಹೇಳಿದ ತಮಾಷೆ ಅದು.

ಪ್ರಶ್ನೆ: ಗುರುತ್ವದಿಂದಲೇ ಸದಾ ತಿರುಗಿ ವಿದ್ಯುತ್ ಕೊಡುವ ಚಕ್ರಕ್ಕೆ ಹಣ ಹೂಡಬಹುದೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ತೂಕ ಇಳಿಯುವಾಗ ಗುರುತ್ವ ಕೊಟ್ಟ ಶಕ್ತಿಯನ್ನು ಏರುವಾಗ ಪೂರ್ತಿ ಮರಳಿ ಪಡೆಯುತ್ತದೆ. ಮಾರುವವನಿಗೂ ಇದು ಗೊತ್ತಿರುತ್ತದೆ.