ಪ್ರತಿಕ್ರಿಯೆ: ಕೋಲಾರದ ಪುಸ್ತಕ ವಾಚನದಲ್ಲಿ ಜನ ಎದ್ದು ಹೋದದ್ದು
ನಿಮ್ಮ ಕ್ರೈಸ್ತ ನಂಬಿಕೆಯ ಪುಸ್ತಕವನ್ನು ಕೋಲಾರದಲ್ಲಿ ಓದಿದಾಗ ಜನ ಅರ್ಧಕ್ಕೆ ಎದ್ದು ಹೋದರು, ಮುಂದೇನು ಮಾಡಲಿ ಅಂತ ಕೇಳಿದ್ದೀರಿ. ಶುರುವಿನಲ್ಲೇ ಉಪದೇಶದ ಅಧ್ಯಾಯ ಓದಿದ್ದಕ್ಕೇ ಹಾಗಾಗಿರಬೇಕು. ತುಮಕೂರಿನಲ್ಲಿ ನನಗೂ ಹೀಗೇ ಆಗಿತ್ತು. ಮೊದಲು ಆಹ್ವಾನದಲ್ಲೇ ‘ನನ್ನ ಕ್ರೈಸ್ತ ನಂಬಿಕೆಯ ಅನುಭವ’ ಅಂತ ಬರೆಯಿರಿ. ಮುಚ್ಚಿಟ್ಟು ಕರೆದರೆ ಬಂದವರಿಗೆ ಬೇಸರವಾಗುತ್ತದೆ. ಆಮೇಲೆ ಪುಸ್ತಕದಲ್ಲಿ ನಿಮ್ಮ ಅಮ್ಮನ ಕಾಯಿಲೆಯ ಬಗ್ಗೆ ಇರುವ ಭಾಗ ಮಾತ್ರ ಆರಿಸಿ, ಹತ್ತು ನಿಮಿಷ ಓದಿ. ಪ್ರಾರ್ಥಿಸಿದರೂ ಭಯ ಹೋಗಿರಲಿಲ್ಲ ಅಲ್ವಾ? ಅದನ್ನೂ ಓದಿ. ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಪ್ಪಿಹೋದ ಮಗನ ಕಥೆ ಹೇಳುತ್ತಾರೆ. ಮರಳಿ ಬಂದ ಆ ತಮ್ಮನಿಗೆ ಅಪ್ಪ ಔತಣ ಮಾಡಿದ್ದಕ್ಕೆ ಸಿಟ್ಟಾಗಿ ಹೊರಗೇ ನಿಂತ ಹಿರಿಮಗ ಕೊನೆಗೆ ಮನೆಯೊಳಗೆ ಬಂದನೋ ಇಲ್ಲವೋ ಹೇಳುವುದೇ ಇಲ್ಲ. ನೀವೂ ಹಾಗೇ ಆ ಭಯದ ಭಾಗಕ್ಕೇ ನಿಲ್ಲಿಸಿ, ಸುಮ್ನೆ ಪ್ರಶ್ನೆಗೆ ಕಾಯಿರಿ. ಎಲ್ಲರೂ ಕೂತೇ ಇರುತ್ತಾರೆ ಅಂತ ಹೇಳಲಾರೆ. ಪುಸ್ತಕ ಪುಕ್ಕಟೆ ಹಂಚಬೇಡಿ, ಆಮಿಷ ಅಂದುಕೊಳ್ಳುತ್ತಾರೆ. ಟೀ ಹೊತ್ತಿಗೆ ತಾವಾಗಿ ಹತ್ತಿರ ಬಂದವರ ಜೊತೆ ನಂಬಿಕೆಯ ಮಾತು ಮುಂದುವರಿಸಿ.