ಚಿತ್ರಾನ್ನಕ್ಕೂ ಅನ್ನ ಬೇಯಬೇಕು

ತಿಪಟೂರಿನ ಓದುಗರೊಬ್ಬರು ನಾಲ್ಕು ಹಾಳೆಯ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ, ಊರು ಬೇಕಾದರೆ ಹಾಕಿ ಎಂದಿದ್ದಾರೆ. ಅದರ ಸಾರ ಇಷ್ಟು:

“ನನಗೆ ಇಪ್ಪತ್ತಮೂರು ವರ್ಷ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಏಳು ವರ್ಷದಿಂದ ಕರಾಟೆ ಕಲಿಯುತ್ತಿದ್ದೇನೆ, ಹೋದ ವರ್ಷ ಬ್ಲ್ಯಾಕ್ ಬೆಲ್ಟ್ ಆಯಿತು. ನನ್ನ ಎತ್ತರ ಐದು ಅಡಿ ಮೂರು ಇಂಚು. ನಮ್ಮ ಮಾಸ್ಟರು ಉದ್ದ ಆಳು. ಅವರು ಹೇಳಿಕೊಡುವುದೆಲ್ಲ ದೂರದಿಂದ ಬೀಸುವ ಕಿಕ್ಕುಗಳೇ. ಟೂರ್ನಮೆಂಟಿನಲ್ಲಿ ಅದು ನನಗೆ ಎಟುಕುವುದಿಲ್ಲ, ಬರೀ ಸೋಲು. ಹಾಗಾಗಿ ಫೋನಿನಲ್ಲಿ ವಿಡಿಯೊ ನೋಡಿ ಬಾಕ್ಸಿಂಗಿನ ಹುಕ್ಕು, ಥಾಯ್ಲೆಂಡಿನ ಮುಯ್ ಥಾಯ್‌ನ ಮೊಣಕೈ ಹೊಡೆತ ಸೇರಿಸಿ ನನ್ನದೇ ಒಂದು ಸ್ಟೈಲ್ ಮಾಡಿಕೊಂಡೆ. ಅದಕ್ಕೆ ಹೆಸರೂ ಇಟ್ಟೆ. ಕ್ಲಾಸಿನಲ್ಲಿ ಮಾಡಿ ತೋರಿಸಿದಾಗ ಮಾಸ್ಟರು ಎಲ್ಲರೆದುರು ‘ಇದು ಕರಾಟೆ ಅಲ್ಲ ಕಣೋ, ಚಿತ್ರಾನ್ನ’ ಅಂದರು. ಬ್ರೂಸ್ ಲೀ ಕೂಡ ಎಲ್ಲ ಸ್ಟೈಲ್ ಬಿಟ್ಟವನೇ ಅಲ್ಲವೇ? ನಾನೂ ಕ್ಲಾಸು ಬಿಟ್ಟು ಮನೆಯ ತಾರಸಿ ಮೇಲೆ ಅಭ್ಯಾಸ ಮಾಡಿದರೆ ತಪ್ಪೇನು?”

ಜೊತೆಗೆ ಎರಡು ನಿಮಿಷದ ಒಂದು ವಿಡಿಯೊ ಕಳಿಸಿದ್ದಾರೆ. ಅದರ ವಿಚಾರ ಆಮೇಲೆ.

ಪ್ರಿಯ ಓದುಗರೇ,

ನಿಮ್ಮ ಕಾಗದದಲ್ಲಿ ಪ್ರಶ್ನೆಗಳು ಹಲವು, ನೋವು ಮಾತ್ರ ಒಂದೇ. ಆ ಚಿತ್ರಾನ್ನದ ಮಾತು. ಎಲ್ಲರೆದುರು ಅಂದದ್ದು ಸರಿಯಲ್ಲ, ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಇರಲಿ. ಆದರೆ ಚಿತ್ರಾನ್ನವನ್ನು ಬೈಗುಳವಾಗಿ ಬಳಸುವುದಕ್ಕೇ ನನ್ನ ತಕರಾರಿದೆ. ಒಗ್ಗರಣೆ ಹದವಾಗಿದ್ದರೆ ಬೆಳಗಿನ ಹೊತ್ತು ಅದರಂಥ ತಿಂಡಿ ಇನ್ನೊಂದಿಲ್ಲ. ಕಟ್ಟಳೆ ಒಂದೇ: ಅನ್ನ ಮೊದಲು ಬೆಂದಿರಬೇಕು, ಬೆಂದು ಆರಿರಬೇಕು. ಬಿಸಿ ಅನ್ನಕ್ಕೆ ಒಗ್ಗರಣೆ ಸುರಿದು ಕಲಸಿದರೆ ಮುದ್ದೆಯಾಗುತ್ತದೆ. ಏಳು ವರ್ಷದಲ್ಲಿ ನಿಮ್ಮ ಅನ್ನ ಬೆಂದಿದೆ ಎಂದೇ ಇಟ್ಟುಕೊಳ್ಳುತ್ತೇನೆ. ಆರಿದೆಯೋ ಇಲ್ಲವೋ, ಅನುಮಾನ.

ಬ್ರೂಸ್ ಲೀ ವಿಚಾರ ಮೊದಲು ಮುಗಿಸೋಣ, ಯಾಕೆಂದರೆ ಗುರುವಿನ ಮೇಲೆ ಸಿಟ್ಟು ಬಂದ ಪ್ರತಿಯೊಬ್ಬ ಹುಡುಗನೂ ಅವನನ್ನೇ ಸಾಕ್ಷಿಗೆ ಕರೆಯುತ್ತಾನೆ. ಲೀ ಎಲ್ಲವನ್ನೂ ಬಿಟ್ಟ, ನಿಜ. ಬಿಡುವುದಕ್ಕೆ ಅವನ ಕೈಯಲ್ಲಿ ಏನೋ ಇತ್ತು. ಹಾಂಗ್‌ಕಾಂಗಿನಲ್ಲಿ ಹದಿಹರೆಯದಲ್ಲೇ ಇಪ್ ಮ್ಯಾನ್ ಅವರ ಬಳಿ ವಿಂಗ್ ಚುನ್ ಎಂಬ ಚೀನೀ ಕುಂಗ್ ಫೂ ಕಲಿತವನು ಅವನು. 1959ರಲ್ಲಿ ಅಮೆರಿಕಕ್ಕೆ ಹೋದಾಗ ಅದನ್ನೇ ಕಲಿಸತೊಡಗಿದ. 1964ರಲ್ಲಿ ಓಕ್‌ಲೆಂಡಿನ ತನ್ನ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ವಾಂಗ್ ಜಾಕ್ ಮ್ಯಾನ್ ಎಂಬವರೊಂದಿಗೆ ಕಾದಾಡಿದ. ಯಾರು ಗೆದ್ದರು ಎಂಬ ಜಗಳ ಅವರವರ ಶಿಷ್ಯರ ನಡುವೆ ಇಂದಿಗೂ ಮುಗಿದಿಲ್ಲ. ನನಗೆ ಮುಖ್ಯವೆನಿಸುವುದು ಆಮೇಲಿನ ಲೀ. ಗೆದ್ದೆನೆಂದು ಮೀಸೆ ತಿರುವುತ್ತಾ ಕೂರಲಿಲ್ಲ. ಎದುರಾಳಿಯ ಹಿಂದೆ ಓಡಿ ಓಡಿ ಏದುಸಿರು ಬಂದಿತ್ತು, ಕ್ಷಣದಲ್ಲಿ ಮುಗಿಯಬೇಕಾದದ್ದು ಎಳೆದಾಡಿತ್ತು. ತಾನು ಕಲಿತದ್ದು ಓಡಿಹೋಗುವವನಿಗೆ ಮದ್ದಲ್ಲ, ತನ್ನ ದಮ್ಮೂ ಸಾಲದು ಎಂದು ಅವನಿಗೆ ಅರಿವಾದದ್ದು ಆಗ. ಅಲ್ಲಿಂದ ಮುಂದೆ ಓಟ, ಬಾಕ್ಸಿಂಗ್ ಫಿಲ್ಮುಗಳು, ಕತ್ತಿವರಸೆ. ಅವನಣ್ಣ ಪೀಟರ್ ಫೆನ್ಸಿಂಗ್ ಆಟಗಾರ. ಫೆನ್ಸಿಂಗಿನವರು ಬಲವಾದ ಕೈಯನ್ನೇ ಮುಂದಿಟ್ಟು ನಿಲ್ಲುತ್ತಾರೆ, ಎದುರಾಳಿಯ ಏಟು ಹೊರಟ ಗಳಿಗೆಯಲ್ಲೇ ಅಡ್ಡ ತಿವಿಯುತ್ತಾರೆ. ಲೀ ಅದನ್ನೆತ್ತಿಕೊಂಡ. ‘ಜೀತ್ ಕುನೆ ದೋ’ ಎಂಬ ಹೆಸರು 1967ರಲ್ಲಿ ಬಂತು. ಅಡ್ಡಗಟ್ಟುವ ಮುಷ್ಟಿಯ ದಾರಿ ಎಂದು ಅರ್ಥ. ಅಂದರೆ ಆ ಹೊಸ ದಾರಿಯ ಮೊದಲ ಹೆಜ್ಜೆ ಏದುಸಿರು. ನಿಮಗೂ ಸೋಲು ಆಗಿದೆ, ಅದು ಒಳ್ಳೆಯ ಬಂಡವಾಳ. ಆದರೆ ಅವನು ಸೋಲಿನ ಒಳಗೆ ಕೈಹಾಕಿ ಹುಡುಕಿದ, ನೀವು ಫೋನಿನಲ್ಲಿ ಹುಡುಕಿದಿರಿ.

ಕುಳ್ಳಗಿರುವುದರ ಬಗ್ಗೆ ನೀವು ಒಂದು ಪುಟ ಬರೆದಿದ್ದೀರಿ. ಈ ದೂರನ್ನು ಕೇಳಲು ಸರಿಯಾದ ವ್ಯಕ್ತಿ ಜೂಡೊ ಕಟ್ಟಿದ ಜಿಗೊರೊ ಕಾನೊ. ನಿಮಗಿಂತ ಉದ್ದವೇನೂ ಇರಲಿಲ್ಲ ಅವರು. ವಿದ್ಯಾರ್ಥಿಯಾಗಿದ್ದಾಗ ಟೋಕಿಯೊದಲ್ಲಿ ಹಳೆಯ ಜುಜುತ್ಸು ಗುರುವೊಬ್ಬರ ಬಳಿ ಹೋಗುತ್ತಿದ್ದರು. ಅಲ್ಲಿ ಫುಕುಶಿಮಾ ಎಂಬ ಭಾರೀ ಆಸಾಮಿ ಇದ್ದ, ಕಾನೊ ಅವನನ್ನು ಅಲುಗಿಸಲೂ ಆಗುತ್ತಿರಲಿಲ್ಲ. ಸುಮೊದವರ ಪಟ್ಟು ಪ್ರಯತ್ನಿಸಿದರು, ನಡೆಯಲಿಲ್ಲ. ಕೊನೆಗೆ ಲೈಬ್ರರಿಗೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತಿರುವಿ, ಎದುರಾಳಿಯ ಕೆಳಗೆ ನುಗ್ಗಿ ಅವನನ್ನು ಹೆಗಲ ಮೇಲೆ ಅಡ್ಡ ಹೇರಿಕೊಂಡು ಕೆಡವುವ ಒಂದು ಪಟ್ಟು ಕಂಡುಕೊಂಡರು. ಗೆಳೆಯರ ಮೇಲೆ ಅದನ್ನು ತಿದ್ದಿ ತೀಡಿ, ಒಂದು ದಿನ ಫುಕುಶಿಮಾನನ್ನು ಎತ್ತಿ ಹಾಕಿದರು. ಜೂಡೊದಲ್ಲಿ ಅದಕ್ಕೆ ‘ಕಾತಾ ಗುರುಮಾ’ ಎಂದು ಹೆಸರು. ನಮ್ಮ ಅಖಾಡದವರು ಕಲಾಜಂಗ್ ಎನ್ನುವ ಪಟ್ಟಿನ ಒಡಹುಟ್ಟು. ನೋಡಿ, ಹೊರಗಿನಿಂದ ತಂದದ್ದೇ, ನಿಮ್ಮಂತೆಯೇ. ಆದರೆ ತಂದದ್ದು ಒಂದು. ಒಬ್ಬ ಮನುಷ್ಯನ ಒಂದು ತೂಕಕ್ಕೆ ಉತ್ತರವಾಗಿ ತಂದದ್ದು. ಮತ್ತೆ ಅವರೇನೂ ಆ ಗುರುವಿನ ಮನೆ ಬಿಟ್ಟು ಹೋಗಲಿಲ್ಲ. ಅವರ ಜೂಡೊ ಶಾಲೆ ಕೊಡೊಕಾನ್ ಶುರುವಾದದ್ದು 1882ರಲ್ಲಿ, ಒಂದು ದೇವಸ್ಥಾನದ ಹನ್ನೆರಡು ಚಾಪೆಯ ಜಾಗದಲ್ಲಿ. ಆಮೇಲೂ ಅವರು ಇನ್ನೊಬ್ಬ ಗುರುವಿನ ಕೆಳಗೆ ಕಲಿಯುತ್ತಲೇ ಇದ್ದರು.

ನಿಮ್ಮ ಸೊಂಟದಲ್ಲಿರುವ ಬ್ಲ್ಯಾಕ್ ಬೆಲ್ಟಿನ ಡಾನ್ (ದರ್ಜೆ) ಪದ್ಧತಿಯೂ 1883ರಲ್ಲಿ ಕಾನೊ ಅವರಿಂದಲೇ ಶುರುವಾದದ್ದು, ಕರಾಟೆಯವರು ಎರವಲು ಪಡೆದರು. ಮೊದಲ ಡಾನಿಗೆ ‘ಶೋಡಾನ್’ ಎನ್ನುತ್ತಾರೆ, ಅಂದರೆ ಆರಂಭದ ಮೆಟ್ಟಿಲು. ನಾವಿಲ್ಲಿ ಅದಕ್ಕೆ ಫ್ರೇಮು ಹಾಕಿಸಿ, ಊರಿನ ಸರ್ಕಲ್ಲಿನಲ್ಲಿ ಫ್ಲೆಕ್ಸು ಕಟ್ಟಿಸುತ್ತೇವೆ. ಅವರ ಲೆಕ್ಕದಲ್ಲಿ ಅದು ಕಾಗುಣಿತ ಮುಗಿದ ಗುರುತು.

ಈಗ ಒಂದು ಸ್ವಂತ ಕಥೆ.

ನಾನು ಮೈಸೂರಿನವನು. ಹದಿನಾಲ್ಕನೆಯ ವಯಸ್ಸಿನಿಂದ ನಾಲ್ಕು ವರ್ಷ ನಮ್ಮ ಬೀದಿಯ ಗರಡಿಗೆ ಹೋಗುತ್ತಿದ್ದೆ. ತಲೆ ತಗ್ಗಿಸದೆ ಒಳಹೋಗಲಾಗದ ಬಾಗಿಲು, ಒಂದೇ ಒಂದು ಸಣ್ಣ ಕಿಟಕಿ, ಅರಿಶಿನ ಎಣ್ಣೆ ಬೆರೆಸಿದ ಕೆಮ್ಮಣ್ಣಿನ ಮಟ್ಟಿ. ನನ್ನ ಜೊತೆಗಾರನೊಬ್ಬನಿದ್ದ. ಚಿಕ್ಕಂದಿನಲ್ಲಿ ಸೀಬೆ ಮರದಿಂದ ಬಿದ್ದು ಬಲ ಮೊಣಕೈ ಮುರಿದು, ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಕೈ ಪೂರ್ತಿ ಚಾಚಲು ಬರುತ್ತಿರಲಿಲ್ಲ. ನಾವೆಲ್ಲ ಡೊಂಕ ಅಂತಲೇ ಕರೆಯುತ್ತಿದ್ದೆವು, ಅವನೂ ಓಗೊಡುತ್ತಿದ್ದ. ಉಸ್ತಾದರು ಅವನಿಗೆ ರಿಯಾಯಿತಿ ಕೊಡಲಿಲ್ಲ. ನಮಗೆಷ್ಟು ದಂಡ, ಬಸ್ಕಿಯೋ ಅವನಿಗೂ ಅಷ್ಟೇ. ನಮಗೆ ಯಾವ ಪಟ್ಟೋ ಅವನಿಗೂ ಅದೇ. ಎರಡು ವರ್ಷ ಅವನು ಎಲ್ಲರ ಕೈಯಲ್ಲೂ ಚಿತ್ ಆದ, ನನ್ನ ಕೈಯಲ್ಲೂ. ಮೂರನೆಯ ವರ್ಷ ನನಗೊಂದು ವಿಚಿತ್ರ ಗಮನಕ್ಕೆ ಬಂತು: ಜೋರ್ (ಅಭ್ಯಾಸದ ಕುಸ್ತಿ) ಮಾಡುವಾಗ ಅವನ ಬಲಗೈ ನನ್ನ ಕತ್ತಿನ ಹಿಂದೆ ಬಂದು ಕೂತರೆ ತೆಗೆಯಲು ಆಗುತ್ತಿರಲಿಲ್ಲ. ಬೇರೆಯವರು ಕೈ ಮಡಿಸಿ ಬಿಗಿಹಿಡಿಯಬೇಕು, ಅರ್ಧ ನಿಮಿಷಕ್ಕೆ ತೋಳು ಸೋಲುತ್ತದೆ. ಇವನದು ಸದಾ ಮಡಿಸಿಟ್ಟ ಕೈ, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯ ಹಾಗೆ. ಉಸ್ತಾದರು ಅದನ್ನು ನನಗಿಂತ ಎಷ್ಟು ಮುಂಚೆ ಗಮನಿಸಿದ್ದರೋ! ಒಂದು ಸಂಜೆ ಅವನನ್ನು ಕರೆದು, “ಇನ್ನು ಮೇಲೆ ಮೊದಲು ಕತ್ತಿಗೆ ಹೋಗು” ಎಂದರು. ಆಮೇಲೆ ಆ ಹಿಡಿತಕ್ಕೆ ಜೊತೆಯಾಗುವ ಒಂದೇ ಒಂದು ಕಾಲಿನ ಪಟ್ಟು ಹೇಳಿಕೊಟ್ಟರು. ಅಷ್ಟೇ ಬದಲಾವಣೆ. ಮುಂದಿನ ದಸರಾ ಹೊತ್ತಿಗೆ ಜೋಡಿ ಕಟ್ಟುವಾಗ, ಅವನ ಎದುರು ಬರಲು ನಮ್ಮ ತೂಕದ ಹುಡುಗರು ಹಿಂದೆ ಮುಂದೆ ನೋಡುತ್ತಿದ್ದರು.

ಅದೇ ಹೊತ್ತಿಗೆ ನಾನು ಮಾಡಿದ ಘನಕಾರ್ಯವನ್ನೂ ಹೇಳಬೇಕು. ದಸರಾ ಕುಸ್ತಿಯಲ್ಲಿ ಹೊರಗಿನ ಪೈಲ್ವಾನನೊಬ್ಬ ಧೋಬಿ ಪಚಾಡ್ ಹಾಕಿದ್ದು ನೋಡಿದೆ. ಅಗಸ ಬಟ್ಟೆ ಒಗೆದಂತೆ ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಒಗೆಯುವುದು. ಗ್ಯಾಲರಿಯಲ್ಲಿ ಕೂತವನಿಗೆ ಅದು ಎಷ್ಟು ಸಲೀಸಾಗಿ ಕಂಡಿತೆಂದರೆ, ಮಾರನೆಯ ದಿನವೇ ಉಸ್ತಾದರು ಬರುವ ಮುಂಚೆ ಮಟ್ಟಿಗಿಳಿದು ಹಾಕಿಯೇ ಬಿಟ್ಟೆ. ಎದುರಿನವನು ಮೇಲಕ್ಕೆ ಹೋಗಲಿಲ್ಲ. ನಾನು ಕೆಳಕ್ಕೆ ಹೋದೆ, ಎಡ ಹೆಗಲ ಮೇಲೆ, ಅವನ ಭಾರವನ್ನೂ ಹೊತ್ತು. ಕಾಲರ್ ಬೋನಿನ ಮೇಲೆ ಈಗಲೂ ಒಂದು ಗಂಟಿದೆ. ಶರ್ಟು ಹೊಲಿಯುವ ಟೈಲರು ಪ್ರತಿ ಸಲ ಕೇಳುತ್ತಾರೆ. ಕಣ್ಣಿಗೆ ಕಂಡದ್ದು ಕೈಕಾಲು, ಸೊಂಟದ ಕೆಲಸ ಕಂಡಿರಲೇ ಇಲ್ಲ. ನಿಮ್ಮ ಫೋನಿನ ವಿಡಿಯೊಗಳೂ ನನ್ನ ಆ ಗ್ಯಾಲರಿಯೇ. ಅದು ನಿಮಗೆ ತಿರುಗಿ ಹೊಡೆಯುವುದಿಲ್ಲ, ಅದೇ ಅದರ ದೊಡ್ಡ ದೋಷ.

ಡೊಂಕನಂಥವರಿಗೆ ಜೂಡೊದಲ್ಲಿ ಒಂದು ಒಳ್ಳೆಯ ಪದವಿದೆ, ‘ತೊಕುಯಿ ವಾಜಾ’. ಒಬ್ಬನಿಗೆ ಒಗ್ಗಿಬಂದ, ಅವನು ನಂಬಿ ನಿಲ್ಲುವ ಪಟ್ಟು. ಬಾರ್ಸಿಲೋನಾದಲ್ಲಿ 1992ರಲ್ಲಿ ತೋಶಿಹಿಕೊ ಕೋಗಾ 71 ಕೆಜಿ ವಿಭಾಗದ ಚಿನ್ನ ಗೆದ್ದರು. ಪಂದ್ಯಕ್ಕೆ ಕೆಲವೇ ದಿನ ಮುಂಚೆ ಅಭ್ಯಾಸದಲ್ಲಿ ಎಡ ಮಂಡಿಗೆ ಪೆಟ್ಟಾಗಿ ನಡೆಯುವುದೇ ಕಷ್ಟವಾಗಿತ್ತು. ಅವರ ಹೆಸರು ಹೇಳಿದರೆ ಜೂಡೊದವರಿಗೆ ಇಂದಿಗೂ ಕಣ್ಣಮುಂದೆ ಬರುವುದು ಒಂಟಿಗೈಯ ಹೆಗಲೆಸೆತ. ನಾನು ಕಾಲರ್ ಬೋನ್ ಮುರಿದುಕೊಂಡ ಪಟ್ಟಿನ ಜಾತಿಯದೇ. ಎಲ್ಲ ಜೂಡೊ ಕ್ಲಾಸಿನಲ್ಲೂ ಹೇಳಿಕೊಡುವ ಸಾಮಾನ್ಯ ಪಟ್ಟು ಅದು. ಕೋಗಾ ಹಾಕಿದರೆ ಮಾತ್ರ ಕೋಗಾ ಅವರದು.

ನಿಮ್ಮ ಕರಾಟೆಯಲ್ಲೇ ಇದಕ್ಕೆ ಚೋಕಿ ಮೊತೊಬು ಇದ್ದಾರೆ. ಓಕಿನಾವಾ ದ್ವೀಪದ ದೊಡ್ಡ ಮನೆತನದ ಮೂರನೆಯ ಮಗ. ಮನೆತನದ ವಿದ್ಯೆ ಹಿರಿಯ ಮಗನಿಗೆ ಎಂಬ ಪದ್ಧತಿ, ಹಾಗಾಗಿ ಇವರು ಕಲ್ಲು ಎತ್ತಿ, ಊರಿನ ಬೀದಿಯಲ್ಲಿ ಹೊಡೆದಾಡಿ, ಸಿಕ್ಕ ಗುರುಗಳ ಬಳಿ ಹೋಗಿ ಕಲಿತರು. ಇಷ್ಟೆಲ್ಲ ತಿರುಗಿದವರು ಹತ್ತಾರು ಕಟಾ (ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ವರಸೆಗಳ ಸರಣಿ) ಗುಡ್ಡೆ ಹಾಕಿಕೊಳ್ಳಲಿಲ್ಲ. ಮುಖ್ಯವಾಗಿ ಒಂದನ್ನೇ ಹಿಡಿದರು, ನೈಹಾಂಚಿ. ಪಕ್ಕಕ್ಕೆ ಹೆಜ್ಜೆಯಿಡುವ, ಗಿಡ್ಡ ಕೈಯ, ಮೈಗೆ ಮೈ ತಾಗುವಷ್ಟು ಹತ್ತಿರದ ಕಟಾ. 1920ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ಕ್ಯೋಟೊದಲ್ಲಿ ವಿದೇಶಿ ಬಾಕ್ಸರನೊಬ್ಬನನ್ನು ಕೆಡವಿದರು. 1925ರಲ್ಲಿ ಜಪಾನಿನ ದೊಡ್ಡ ಪತ್ರಿಕೆಯೊಂದು ಆ ಕಥೆ ಅಚ್ಚು ಹಾಕಿದಾಗ, ಚಿತ್ರದಲ್ಲಿ ಮೊತೊಬು ಬದಲು ಶೋಟೊಕಾನ್ ಕರಾಟೆ ಕಟ್ಟಿದ ಫುನಕೋಶಿಯವರ ಮುಖ ಬರೆದಿತ್ತು. (ಸಂಪಾದಕನಾಗಿ ನನಗೆ ಇದನ್ನು ಓದಿದಾಗೆಲ್ಲ ಬೆವರುತ್ತದೆ.) ಆ ಫುನಕೋಶಿಯವರೂ ನೈಹಾಂಚಿ ಕುಟುಂಬದ್ದೇ ಆದ ಮೂರು ತೆಕ್ಕಿ ಕಟಾಗಳಿಗೆ ಹತ್ತು ವರ್ಷ ಕೊಟ್ಟವರು. ನೀವು ಕಲಿಯುತ್ತಿರುವುದು ಶೋಟೊಕಾನ್ ಆದರೆ ತೆಕ್ಕಿ ನಿಮಗೆ ಆಗಲೇ ಬಂದಿರಬೇಕು. ಕುಳ್ಳನಿಗೆ ಬೇಕಾದ ಹತ್ತಿರದ ಹೊಡೆದಾಟ ಹುಡುಕಿಕೊಂಡು ನೀವು ಥಾಯ್ಲೆಂಡಿನವರೆಗೆ ಹೋದಿರಿ. ಅದು ನಿಮ್ಮ ಬೆಲ್ಟ್ ಪರೀಕ್ಷೆಯ ಸಿಲಬಸ್ಸಿನಲ್ಲೇ ಇತ್ತು, ಮೊಣಕೈ ಸಮೇತ.

ಮೊಣಕೈ ಅಂದಾಗ ನೆನಪಾಯಿತು. ಟೂರ್ನಮೆಂಟಿನಲ್ಲಿ ಗೆಲ್ಲಬೇಕು ಎಂದೇ ಇದೆಲ್ಲ ಶುರು ಮಾಡಿದೆ ಅನ್ನುತ್ತೀರಿ, ಆದರೆ ವಿಶ್ವ ಕರಾಟೆ ಒಕ್ಕೂಟದ ನಿಯಮದಲ್ಲಿ ಮೊಣಕೈ ಹೊಡೆತ ನಿಷಿದ್ಧ. ಯಾವ ಆಟ ಆಡುತ್ತೀರಿ ಎಂದು ಮೊದಲು ತೀರ್ಮಾನಿಸಿ. ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗದಲ್ಲಿ ಬೋಳಿಸಿದ ತಲೆಯಿಂದ ಒಂದು ತೊಟ್ಟು ರಕ್ತ ಬಂದರೆ ಮುಗಿಯಿತು. ಹಾಗಾಗಿ ಜಟ್ಟಿಗಳ ವರಸೆಯೆಲ್ಲ ತಲೆ ಕಾಯುವುದರ ಸುತ್ತ. ಟೋಕಿಯೊ ಒಲಿಂಪಿಕ್ಸ್ ನಡೆದದ್ದು 2021ರಲ್ಲಿ. ಅಲ್ಲಿ 75 ಕೆಜಿ ಮೇಲ್ಪಟ್ಟವರ ಕರಾಟೆ ಫೈನಲಿನಲ್ಲಿ ಸೌದಿಯ ತಾರೆಗ್ ಹಮೆದಿ 4–1ರಲ್ಲಿ ಮುಂದಿದ್ದರು. ಎತ್ತಿ ಬೀಸಿದ ಒಂದು ಕಿಕ್ಕಿಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಹಿಡಿತ ಮೀರಿ ಹೊಡೆದರೆಂದು ಹಮೆದಿ ಅನರ್ಹರಾದರು, ಸ್ಟ್ರೆಚರಿನ ಮೇಲೆ ಹೊರಹೋದವರಿಗೆ ಚಿನ್ನ. ನಕ್ಕವರು ಬಹಳ ಮಂದಿ. ನನಗೇನೂ ನಗು ಬರಲಿಲ್ಲ. ಆಟದ ಕಟ್ಟಳೆ ಅದು, ಒಪ್ಪಿಯೇ ಇಬ್ಬರೂ ಇಳಿದದ್ದು.

ಹೆಸರಿನ ವಿಚಾರ. ನೀವಿಟ್ಟ ಹೆಸರನ್ನು ಇಲ್ಲಿ ಅಚ್ಚು ಹಾಕುತ್ತಿಲ್ಲ, ಮುಂದೊಂದು ದಿನ ನೀವೇ ನನಗೆ ಥ್ಯಾಂಕ್ಸ್ ಹೇಳುತ್ತೀರಿ. ಲೀ ಕೂಡ ಕೊನೆಕೊನೆಗೆ ತಾನಿಟ್ಟ ಹೆಸರಿನ ಬಗ್ಗೆ ಬೇಸರಪಟ್ಟುಕೊಂಡಿದ್ದ. ಜನ ಅದನ್ನೂ ಇನ್ನೊಂದು ಸ್ಟೈಲ್ ಎಂದು ಹಿಡಿದುಕೊಂಡರು ಅಂತ. 1970ರಲ್ಲಿ ತನ್ನ ಶಾಲೆಗಳನ್ನೇ ಮುಚ್ಚಿಸಿದ. ನಮ್ಮ ಕನ್ನಡದಲ್ಲಿ ‘ವರಸೆ’ ಎಂಬ ಮಾತು ಸೊಗಸಾಗಿದೆ. ಕುಸ್ತಿಯಲ್ಲೂ ವರಸೆ, ಸಂಗೀತ ಪಾಠದಲ್ಲೂ ಸರಳೆ ವರಸೆ, ನೆಂಟಸ್ತಿಕೆಯಲ್ಲೂ “ಅವರು ನಿಮಗೇನು ವರಸೆ” ಎಂದು ಕೇಳುತ್ತೇವೆ. ಆದರೆ “ಹೊಸ ವರಸೆ ತೆಗೆದ” ಎಂದರೆ ಮಾತ್ರ ಬೈಗುಳ. ಮಾಸ್ಟರಿಗೆ ನಿಮ್ಮ ಪ್ರಯತ್ನ ಕೇಳಿಸಿದ್ದು ಆ ಅರ್ಥದಲ್ಲಿ.

ಕ್ಲಾಸು ಬಿಡಬೇಡಿ. ತಾರಸಿಯ ಮೇಲೆ ಎದುರಾಳಿ ಇರುವುದಿಲ್ಲ, ಎದುರಾಳಿ ಇಲ್ಲದೆ ನಿಮ್ಮ ಡೊಂಕು ಯಾವುದೆಂದು ನಿಮಗೆ ತಿಳಿಯುವುದೂ ಇಲ್ಲ. ಬಾಕ್ಸಿಂಗಿನ ಆಸೆ ಇದ್ದರೆ ಖಂಡಿತ ಕಲಿಯಿರಿ, ಬಾಕ್ಸಿಂಗ್ ಕೋಚ್ ಬಳಿ, ಹಲ್ಲಿಗೆ ಗಾರ್ಡು ಹಾಕಿಕೊಂಡು. ಮಾಸ್ಟರಿಗೆ ಹೇಳಿ ಹೋಗಿ. ಮಂಡಿಯ ಲೆಕ್ಕದ ಪುಸ್ತಕದಂತೆ ಸೋಲಿಗೂ ಒಂದು ಪುಸ್ತಕವಿಡಿ: ಯಾವ ತಾರೀಖು, ಎಷ್ಟು ಉದ್ದದ ಹುಡುಗ, ಯಾವ ಏಟು, ಆಗ ನಿಮ್ಮ ಕಾಲು ಎಲ್ಲಿತ್ತು. ಆರು ತಿಂಗಳಲ್ಲಿ ಒಂದೇ ತಪ್ಪು ಇಪ್ಪತ್ತು ಸಲ ಬರೆದಿರುತ್ತೀರಿ. ಮಾಸ್ಟರ ಹತ್ತಿರ ಹೋಗಬೇಕಾದದ್ದು ಆಗ, ಹೊಸ ಸ್ಟೈಲ್ ಹೊತ್ತುಕೊಂಡಲ್ಲ, ಆ ಪುಸ್ತಕ ಹಿಡಿದುಕೊಂಡು.

ಡೊಂಕ ಈಚೆಗೆ ಸಿಕ್ಕಿದ್ದ. ತಂಗಿಯ ಮಗನಿಗೆ ತನ್ನ ಹಿಡಿತ ಹೇಳಿಕೊಡಲು ಹೋಗಿ ಸೋತನಂತೆ. ಹುಡುಗನ ಮೊಣಕೈ ನೆಟ್ಟಗಿದೆ, ಕತ್ತಿನ ಮೇಲೆ ನಿಲ್ಲದೆ ಜಾರುತ್ತದೆ. “ಏನ್ ಮಾಡೋದು ಮಾರಾಯ, ಮರ ಹತ್ತು ಅನ್ನೋಕಾಗತ್ತಾ” ಎಂದ.

ಇನ್ನು ನಿಮ್ಮ ವಿಡಿಯೊ. ನಾಲ್ಕು ಸಲ ನೋಡಿದೆ. ಹುಕ್ಕು ಹೊಡೆಯುವ ಮುಂಚೆ ಪ್ರತಿ ಸಲವೂ ನಿಮ್ಮ ಬಲ ಭುಜ ಒಂದಿಂಚು ಮೇಲೇಳುತ್ತದೆ, ಆ ಹೊತ್ತಿಗೇ ಎಡಗೈ ಗದ್ದ ಬಿಟ್ಟು ಕೆಳಗಿಳಿಯುತ್ತದೆ. ಕನ್ನಡಕ ಹಾಕಿದ ನನಗೇ ಕಾಣಿಸಿದ್ದು ಎದುರು ನಿಂತ ಇಪ್ಪತ್ತರ ಹುಡುಗನಿಗೆ ಕಾಣದೇ? ನಾಳೆ ಸಂಜೆ ಕ್ಲಾಸಿನ ನಂತರ ಹತ್ತು ನಿಮಿಷ ಕೇಳಿ, ಇದನ್ನಷ್ಟೇ ಮಾಸ್ಟರಿಗೆ ತೋರಿಸಿ.

— ಸಂ.